ಫ್ಯಾನ್ ಮುಂದೆ ಕಸ: ಗಂಗ್ನಮ್ ಸ್ಟೈಲ್ ವಿಡಿಯೊದ ಒಂದು ಪ್ರಕರಣ ಅಧ್ಯಯನ

2013ರ ಫೆಬ್ರವರಿ. ಮೈಸೂರಿನ ನನ್ನ ಎಡಿಟಿಂಗ್ ರೂಮಿಗೆ ಮಂಡ್ಯ ಕಡೆಯ ಹುಡುಗನೊಬ್ಬ ಹಾರ್ಡ್ ಡಿಸ್ಕ್ ಹಿಡಿದುಕೊಂಡು ಬಂದ. ತಾನೇ ಬರೆದು ತಾನೇ ಹಾಡಿದ ಹಾಡು. ಕಬ್ಬು ಬೆಳೆಯುವ ಊರಿನವರ ಗತ್ತಿನ ಮೇಲೆ ಕಟ್ಟಿದ ತಮಾಷೆ ಪದ. ಗೆಳೆಯರನ್ನೆಲ್ಲ ಸೇರಿಸಿ ಎರಡು ದಿನದಲ್ಲಿ ಶೂಟಿಂಗ್ ಮುಗಿಸಿದ್ದ. ಟ್ರ್ಯಾಕ್ಟರ್, ಎಮ್ಮೆ, ನಾಲೆ, ಆಲೆಮನೆ, ಬಸ್ ಸ್ಟ್ಯಾಂಡು, ಎಲ್ಲ ಇತ್ತು. ಅವನು ಕೇಳಿದ್ದು ಒಂದೇ. 'ಸಾರ್, ಗಂಗ್ನಮ್ ಸ್ಟೈಲ್ ಥರ ಬರ್ಬೇಕು.'

ಆ ವರ್ಷ ನನ್ನ ರೂಮಿಗೆ ಬಂದವರೆಲ್ಲ ಇದನ್ನೇ ಕೇಳುತ್ತಿದ್ದರು. ಮದುವೆ ವಿಡಿಯೊ ಮಾಡಿಸುವವರೂ ಬಿಡಲಿಲ್ಲ.

ಮೂರು ದಿನ ಕೂತು ಕಟ್ ಮಾಡಿದೆ. ಕಟ್‌ಗಳು ಬೀಟಿಗೆ ಸರಿಯಾಗಿ ಬಿದ್ದಿದ್ದವು. ಹುಡುಗ ಚೆನ್ನಾಗಿಯೇ ಕುಣಿದಿದ್ದ. ಆದರೆ ನೋಡಿದ ಒಬ್ಬರೂ ನಗಲಿಲ್ಲ. ಪಕ್ಕದ ಜೆರಾಕ್ಸ್ ಅಂಗಡಿಯವರನ್ನು ಕರೆದು ತೋರಿಸಿದೆ. 'ಚೆನ್ನಾಗಿದೆ' ಅಂದು ಎದ್ದು ಹೋದರು. ತಮಾಷೆ ಹಾಡು ನೋಡಿದವರು ಬರೀ 'ಚೆನ್ನಾಗಿದೆ' ಅಂದರೆ ಕೆಟ್ಟಿದೆ ಅಂತಲೇ ಅರ್ಥ.

ಎಲ್ಲಿ ಎಡವಿದೆವು ಅಂತ ತಿಳಿಯಲು ಗಂಗ್ನಮ್ ಸ್ಟೈಲ್ ವಿಡಿಯೊವನ್ನೇ ಎಡಿಟಿಂಗ್ ಟೈಮ್‌ಲೈನಿಗೆ ಹಾಕಿಕೊಂಡೆವು. ಸೌಂಡ್ ಮ್ಯೂಟ್ ಮಾಡಿದೆವು. ಇದು ನನ್ನ ಹಳೇ ಅಭ್ಯಾಸ. ಹಾಡು ಕೇಳುತ್ತಿದ್ದರೆ ಕಾಲು ಕುಣಿಯುತ್ತೆ, ಕಣ್ಣು ಕೆಲಸ ಮಾಡಲ್ಲ. ಅವತ್ತು ರಾತ್ರಿ ಹತ್ತರಿಂದ ಎರಡರವರೆಗೆ ಒಂದೊಂದೇ ಶಾಟ್ ನಿಲ್ಲಿಸಿ ನೋಡಿದೆವು. ಈ ಬರಹ ಹುಟ್ಟಿದ್ದು ಅಲ್ಲಿಂದ.

ಮೊದಲು ಹಾಡಿನ ಜಾತಕ ಹೇಳಿಬಿಡುತ್ತೇನೆ. ದಕ್ಷಿಣ ಕೊರಿಯಾದ ಗಾಯಕ ಸೈ, ನಿಜ ಹೆಸರು ಪಾರ್ಕ್ ಜೇ-ಸಾಂಗ್. ಹುಟ್ಟಿದ್ದು 1977ರ ಡಿಸೆಂಬರ್ 31. 'ಸೈಕೊ' ಅನ್ನುವುದನ್ನು ತುಂಡು ಮಾಡಿ ಇಟ್ಟುಕೊಂಡ ಹೆಸರು ಅದು. ನಮ್ಮ ಕಿವಿಗೆ 'ಸೈ ಕಣಪ್ಪ' ಅಂದ ಹಾಗೆ ಕೇಳುತ್ತೆ, ಆ ಮಾತು ಬೇರೆ. ಮೊದಲ ಆಲ್ಬಮ್ ಬಂದದ್ದು 2001ರಲ್ಲಿ. ಗಂಗ್ನಮ್ ಸ್ಟೈಲ್ ವಿಡಿಯೊ ಬಂದದ್ದು 2012ರ ಜುಲೈ 15ರಂದು. ಅಷ್ಟೊತ್ತಿಗೆ ಅವನಿಗೆ 34 ವರ್ಷ. ಸ್ವಲ್ಪ ಹೊಟ್ಟೆ ಬಂದಿತ್ತು. ತನ್ನ ದೇಶದಲ್ಲಿ ಹತ್ತು ವರ್ಷದಿಂದ ಜನಕ್ಕೆ ಗೊತ್ತಿದ್ದ ಮುಖ. ನಿರ್ದೇಶಕ ಚೋ ಸೂ-ಹ್ಯುನ್. ಉದ್ದ 4 ನಿಮಿಷ 13 ಸೆಕೆಂಡ್.

ಗಂಗ್ನಮ್ ಅಂದರೆ ನದಿಯ ದಕ್ಷಿಣ ಅಂತ. ಸೋಲ್ ನಗರದ ನಡುವೆ ಹರಿಯುವ ಹಾನ್ ನದಿಯ ದಕ್ಷಿಣ ದಂಡೆಯ ಬಡಾವಣೆ ಅದು. 1970ರ ದಶಕಕ್ಕೆ ಮುಂಚೆ ಬಹುಪಾಲು ಹೊಲಗದ್ದೆಯಾಗಿತ್ತು. ಆಮೇಲೆ ಅಪಾರ್ಟ್‌ಮೆಂಟ್, ಒಳ್ಳೆಯ ಸ್ಕೂಲು, ದುಬಾರಿ ಅಂಗಡಿ ಎಲ್ಲ ಬಂದು ಶ್ರೀಮಂತರ ಏರಿಯಾ ಆಯಿತು. ಹೊಲ ಮಾರಿದವರು ಒಂದು ಕಡೆ, ಮೇಲೆ ಬಂದವರು ಇನ್ನೊಂದು ಕಡೆ, ಅವರ ಹಾಗೆ ಕಾಣಬೇಕು ಅಂತ ಒದ್ದಾಡುವವರು ಮತ್ತೊಂದು ಕಡೆ. ಬೆಂಗಳೂರು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಸೈ ಅಲ್ಲಿಯವನೇ. ಹಾಗಾಗಿ ಅದು ಹೊರಗಿನವನ ಹೊಟ್ಟೆಕಿಚ್ಚಾಗದೆ ಮನೆಯವನ ಗೇಲಿಯಾಯಿತು.

ಹಾಡಿನಲ್ಲಿ ಬರುವ 'ಒಪ್ಪ' ಅನ್ನುವ ಮಾತಿನ ಬಗ್ಗೆ ಒಂದು ಮಾತು. ಕೊರಿಯಾದಲ್ಲಿ ಹೆಣ್ಣುಮಕ್ಕಳು ಅಣ್ಣನನ್ನು ಹಾಗೆ ಕರೆಯುತ್ತಾರೆ. ಪ್ರೀತಿಸುವ ಹುಡುಗನನ್ನೂ ಹಾಗೇ ಕರೆಯುತ್ತಾರೆ. ಅದನ್ನು ಕನ್ನಡಕ್ಕೆ 'ಅಣ್ಣ' ಅಂತ ತಂದರೆ ಕಥೆ ಅಲ್ಲಿಗೇ ಮುಗಿಯಿತು! 'ಮಾವ' ಅಂದರೆ ಹತ್ತಿರ ಬರುತ್ತೆ. 'ನಿನ್ ಮಾವ ಅಂದ್ರೆ ಗಂಗ್ನಮ್ ಸ್ಟೈಲು' ಅನ್ನುವ ಧಾಟಿ. ತನ್ನನ್ನು ತಾನೇ ಹಾಗೆ ಕರೆದುಕೊಳ್ಳುವ ಗಂಡಸಿನ ಜಂಬ ಅಲ್ಲೇ ಇದೆ.

ಈಗ ಮೊದಲ ಕೆಲವು ಸೆಕೆಂಡು. ಸೈ ಕಪ್ಪು ಕನ್ನಡಕ ಹಾಕಿಕೊಂಡು ಆರಾಮ ಕುರ್ಚಿಯಲ್ಲಿ ಮಲಗಿದ್ದಾನೆ. ಬಿಸಿಲು. ಮರಳು. ಪಕ್ಕದಲ್ಲಿ ಹುಡುಗಿಯೊಬ್ಬಳು ಗಾಳಿ ಬೀಸುತ್ತಿದ್ದಾಳೆ. ನೋಡಿದವರಿಗೆ ಇದು ಕಡಲತೀರ. ಶ್ರೀಮಂತ ಗಾಯಕನ ರಜೆ. ಇಂಥ ಶಾಟನ್ನು ನಾವೆಲ್ಲ ಸಾವಿರ ಸಲ ನೋಡಿದ್ದೇವೆ. ಆಮೇಲೆ ಕ್ಯಾಮೆರಾ ಇಡೀ ಜಾಗ ತೋರಿಸುತ್ತೆ. ಮಕ್ಕಳು ಆಡುವ ಪಾರ್ಕು. ಮರಳು ಅಂದರೆ ಜಾರುಬಂಡೆಯ ಪಕ್ಕದ ಮರಳು. ಮುಂದೆ ಒಬ್ಬ ಪುಟ್ಟ ಹುಡುಗ ಕುಣಿಯುತ್ತಿದ್ದಾನೆ, ಸೈಗಿಂತ ಚೆನ್ನಾಗಿ.

ನಮ್ಮ ಹುಡುಗ ಇಲ್ಲಿ ವಿಡಿಯೊ ನಿಲ್ಲಿಸಿದ. 'ಸಾರ್, ಅವರು ಮೊದಲು ಸೀರಿಯಸ್ಸಾಗಿ ತೋರಿಸಿದ್ದಾರೆ' ಅಂದ.

ಇಡೀ ವಿಡಿಯೊದ ಗುಟ್ಟು ಅವನ ಆ ಮಾತಿನಲ್ಲಿತ್ತು. ಮೊದಲ ಶಾಟಿನಲ್ಲಿ ನಗು ಇಲ್ಲ. ಲೈಟು, ಫ್ರೇಮು, ಮುಖದ ಗಾಂಭೀರ್ಯ, ಎಲ್ಲ ದುಬಾರಿ ವಿಡಿಯೊದ ಹಾಗೇ ಇದೆ. ನಗು ಇರುವುದು ಎರಡನೆಯ ಶಾಟಿನಲ್ಲಿ. ಮೊದಲನೆಯದು ಬಿಲ್ಡಪ್, ಎರಡನೆಯದು ಅದನ್ನು ಇಳಿಸುವುದು. ಬಿಲ್ಡಪ್ ಸರಿಯಾಗಿ ಕೊಡದೆ ಇಳಿಸುವುದು ಏನನ್ನು? ನಮ್ಮ ಕಟ್‌ನಲ್ಲಿ ಹುಡುಗ ಮೊದಲ ಫ್ರೇಮಿನಿಂದಲೇ ಹಲ್ಲು ಕಿರಿಯುತ್ತಿದ್ದ.

ಮ್ಯೂಸಿಕ್ ವಿಡಿಯೊಗಳಿಗೆ ಅವುಗಳದ್ದೇ ಒಂದು ರೂಢಿ ಇದೆ. 1981ರ ಆಗಸ್ಟ್ 1ರಂದು ಅಮೆರಿಕದಲ್ಲಿ ಎಂಟಿವಿ ಎಂಬ ಹಾಡಿನ ಚಾನೆಲ್ ಶುರುವಾದ ಮೇಲೆ ಅದು ಗಟ್ಟಿಯಾಯಿತು. ಗಾಯಕನ ಮುಖ ಹತ್ತಿರದಿಂದ ಮೇಲಿಂದ ಮೇಲೆ ಕಾಣಬೇಕು, ಯಾಕೆಂದರೆ ದುಡ್ಡು ಹಾಕಿದ ಕಂಪನಿಗೆ ಮಾರಬೇಕಿರುವುದು ಆ ಮುಖವನ್ನು. ತುಟಿ ಹಾಡಿಗೆ ಕೂಡಬೇಕು. ಕಟ್ ಬೀಟಿಗೆ ಬೀಳಬೇಕು. ಬಟ್ಟೆ, ಕನ್ನಡಕ, ಟೋಪಿ, ಹೀಗೆ ಏನಾದರೂ ಒಂದು ಗುರುತು ಇರಬೇಕು. ಆಂಡ್ರ್ಯೂ ಗುಡ್ವಿನ್ ಎಂಬ ವಿದ್ವಾಂಸ 1992ರಲ್ಲಿ ಇನ್ನೊಂದು ವಿಷಯ ಬಿಡಿಸಿ ಹೇಳಿದ. ಚಿತ್ರ ಹಾಡಿನ ಮಾತನ್ನೇ ತೋರಿಸಬಹುದು, ಅದನ್ನು ಹಿಗ್ಗಿಸಬಹುದು, ಇಲ್ಲವೇ ಮಾತಿಗೆ ಸಂಬಂಧವೇ ಇಲ್ಲದ್ದನ್ನು ತೋರಿಸಬಹುದು. ಮಳೆ ಅಂದಾಗ ಮಳೆ ತೋರಿಸಿದರೆ ಮೊದಲನೆಯದು. ಮಳೆ ಅಂದಾಗ ಬೀಳ್ಕೊಡುಗೆ ತೋರಿಸಿದರೆ ಎರಡನೆಯದು. ಮಳೆ ಅಂದಾಗ ಸಲೂನ್ ತೋರಿಸಿದರೆ ಮೂರನೆಯದು.

ಗಂಗ್ನಮ್ ಸ್ಟೈಲ್ ಈ ಮೂರರಲ್ಲಿ ಯಾವುದು? ಮಾತಿನಲ್ಲಿ 'ನಾನು ಗಂಗ್ನಮ್ ಗಂಡಸು' ಅಂತ ಕೊಚ್ಚಿಕೊಳ್ಳುತ್ತಾನೆ. ಚಿತ್ರದಲ್ಲಿ ಪಾರ್ಕು, ಸ್ನಾನದ ಮನೆ, ಟೂರ್ ಬಸ್ಸು, ಕೊನೆಗೆ ಕಮೋಡು. ಕಮೋಡಿನ ಮೇಲೆ ಕೂತೇ ಹಾಡುವ ಶಾಟ್ ಇದೆ. ಮಾತು ಮೇಲಕ್ಕೆ, ಚಿತ್ರ ಕೆಳಕ್ಕೆ. ಇದು ಮಾತಿಗೆ ಸಂಬಂಧ ಇಲ್ಲದ ಚಿತ್ರವಂತೂ ಅಲ್ಲ. ಮಾತನ್ನು ಸುಳ್ಳು ಮಾಡುವ ಚಿತ್ರ. ಗುಡ್ವಿನ್‌ನ ಮೂರು ಡಬ್ಬಿಗಳಲ್ಲಿ ಇದಕ್ಕೆ ಸರಿಯಾಗಿ ಕೂರುವ ಜಾಗ ಇಲ್ಲ ಅಂತ ನನಗನ್ನಿಸುತ್ತೆ.

ಆದರೆ ಕೊರಿಯನ್ ಭಾಷೆಯ ಗಂಧವೇ ಇಲ್ಲದ ನಮಗೆ ಮಾತೇ ಗೊತ್ತಿರಲಿಲ್ಲ. ಮಾತು ಸುಳ್ಳಾಗುತ್ತಿದೆ ಅಂತ ಹೇಗೆ ಗೊತ್ತಾಯಿತು? ಮೊದಲ ಶಾಟುಗಳೇ ಆ ಮಾತನ್ನು ಹೇಳುತ್ತಿದ್ದವು. ಹೀರೊ ಎಂಟ್ರಿ ನಮಗೆ ಯಾವ ಭಾಷೆಯಲ್ಲಾದರೂ ಗೊತ್ತಾಗುತ್ತೆ. ಚಿಕ್ಕಂದಿನಿಂದ ಸಿನಿಮಾ ಹಾಡು ನೋಡಿ ಬೆಳೆದವರು ನಾವು.

ಇದಕ್ಕೆ ದೊಡ್ಡ ಉದಾಹರಣೆ ಆ ನಡಿಗೆಯ ಶಾಟ್. ಸೈ ಇಬ್ಬರು ಹುಡುಗಿಯರ ನಡುವೆ ಕ್ಯಾಮೆರಾ ಕಡೆಗೆ ನಡೆದು ಬರುತ್ತಾನೆ. ಎದುರಿನಿಂದ ಜೋರು ಗಾಳಿ. ಈ ಗಾಳಿ ಎಲ್ಲಿಂದ ಬರುತ್ತೆ ಅಂತ ಶೂಟಿಂಗ್ ನೋಡಿದವರಿಗೆ ಗೊತ್ತು. ಕ್ಯಾಮೆರಾ ಪಕ್ಕದಲ್ಲಿ ಒಂದು ದೊಡ್ಡ ಫ್ಯಾನ್ ಇಟ್ಟಿರುತ್ತಾರೆ. ಹೀರೊಯಿನ್ ಕೂದಲು ಹಾರಬೇಕು, ಹೀರೊ ಕೋಟು ಹಾರಬೇಕು. ಹೂವಿನ ಎಸಳೋ ಬಣ್ಣದ ಕಾಗದವೋ ಹಾರಿ ಬಂದರೆ ಇನ್ನೂ ಚೆಂದ. ಇಲ್ಲಿ ಮೊದಲು ಹಾಗೇ ಶುರುವಾಗುತ್ತೆ. ಆಮೇಲೆ ಹಾರಿ ಬರುವುದು ಕಸ. ಕಾಗದ, ಚೂರುಪಾರು, ಹಿಮದಂಥ ಬಿಳಿ ಪುಡಿ. ಮುಖಕ್ಕೆ ಬಂದು ಬಡಿಯುತ್ತೆ. ಹುಡುಗಿಯರು ತಲೆ ಕೊಡವುತ್ತಾರೆ. ಆದರೂ ಮೂವರೂ ನಡೆಯುವುದನ್ನು ನಿಲ್ಲಿಸುವುದಿಲ್ಲ. ಕಾಲಿನ ಗತ್ತು ಕಡಿಮೆಯಾಗುವುದಿಲ್ಲ. ಸೈ ಬಾಯಿ ಹಾಡುತ್ತಲೇ ಇರುತ್ತೆ.

ಆ ಶಾಟನ್ನು ನಾನು ಒಂದು ಇಪ್ಪತ್ತು ಸಲ ತಿರುಗಿಸಿ ನೋಡಿರಬಹುದು. ಫ್ಯಾನಿನ ಮುಂದೆ ಎಸಳಿನ ಬದಲು ಕಸ ಸುರಿದಿದ್ದಾರೆ. ಅಷ್ಟೇ. ಫ್ಯಾನ್ ಅದೇ, ನಡಿಗೆ ಅದೇ, ಕ್ಯಾಮೆರಾ ಇಟ್ಟ ಜಾಗ ಅದೇ. ಒಂದನ್ನು ಮಾತ್ರ ಬದಲಿಸಿ ಉಳಿದದ್ದನ್ನೆಲ್ಲ ಚಾಚೂ ತಪ್ಪದೆ ಪಾಲಿಸಿದ್ದಾರೆ.

ಹೀಗೆ ನೋಡುತ್ತಾ ಹೋದರೆ ಪ್ರತಿ ಜಾಗದಲ್ಲೂ ಒಂದೇ ಲೆಕ್ಕ. ಪಾರ್ಟಿ ಅಂದರೆ ಕ್ಲಬ್ಬು, ಹುಡುಗಿಯರು, ಬಣ್ಣದ ಲೈಟು. ಇಲ್ಲಿ ಲೈಟು ಇದೆ, ಕುಣಿತ ಇದೆ, ಆದರೆ ಅದು ಟೂರ್ ಬಸ್ಸು, ಕುಣಿಯುತ್ತಿರುವವರು ನಮ್ಮ ಅತ್ತೆ, ದೊಡ್ಡಮ್ಮನ ವಯಸ್ಸಿನವರು. ಧರ್ಮಸ್ಥಳಕ್ಕೆ ಹೊರಟ ಬಸ್ಸಿನಲ್ಲಿ ಕ್ಯಾಸೆಟ್ ಹಾಕಿದ ಹಾಗೆ. ಶ್ರೀಮಂತ ಅಂದರೆ ಖಾಸಗಿ ದೋಣಿ. ಇಲ್ಲಿ ಹಾನ್ ನದಿಯಲ್ಲಿ ಕಾಲಿನಿಂದ ತುಳಿಯುವ ದೋಣಿ. ಸ್ಪಾ ಅಂದರೆ ಮೈಬಿಸಿ ಮಾಡಿಕೊಳ್ಳುವ ಸಾರ್ವಜನಿಕ ಸೌನಾ, ಅಲ್ಲಿ ಹಚ್ಚೆ ಹಾಕಿಸಿಕೊಂಡ ದಾಂಡಿಗ. ಕುದುರೆ ಅಂದರೆ ಓಟದ ಮೈದಾನವಲ್ಲ, ಲಾಯ. ಒಂದು ಸ್ಫೋಟವೂ ಇದೆ, ಕಾರಣವೇ ಇಲ್ಲದೆ.

ಬಟ್ಟೆ ಮಾತ್ರ ಬಹುಪಾಲು ಕಡೆ ಕೆಳಗಿಳಿಯುವುದಿಲ್ಲ. ಕೋಟು, ಬೋ ಟೈ, ಕಪ್ಪು ಕನ್ನಡಕ. ಆಗಿನ ಸಂದರ್ಶನಗಳಲ್ಲಿ ಸೈ ಹೇಳುತ್ತಿದ್ದದ್ದೂ ಅದನ್ನೇ: ಬಟ್ಟೆ ಠಾಕುಠೀಕಾಗಿರಲಿ, ಕುಣಿತ ಚಿಲ್ಲರೆಯಾಗಿರಲಿ. ನಮ್ಮ ಹುಡುಗ ಬನಿಯನ್, ಪಟ್ಟಾಪಟ್ಟಿ ಚಡ್ಡಿ ಹಾಕಿಕೊಂಡು ಎಮ್ಮೆ ಮೇಲೆ ಕೂತಿದ್ದ. ಎಮ್ಮೆಯೂ ತಮಾಷೆ, ಚಡ್ಡಿಯೂ ತಮಾಷೆ, ಮುಖವೂ ತಮಾಷೆ. ಮೂರೂ ಒಂದೇ ಕಡೆ ಎಳೆದರೆ ಎಳೆತ ಎಲ್ಲಿಂದ ಬರಬೇಕು?

ಗೇಲಿ ಮಾಡದೆ ಉಳಿಸಿಕೊಂಡ ರೂಢಿಗಳೂ ಇವೆ. ಅವೇ ಹಾಡನ್ನು ಗೆಲ್ಲಿಸಿದವು ಅಂತ ನನ್ನ ಎಣಿಕೆ. ಕೊರಿಯಾದ ಪಾಪ್ ಹಾಡಿನವರು 'ಪಾಯಿಂಟ್ ಡ್ಯಾನ್ಸ್' ಅನ್ನುತ್ತಾರೆ. ನಾವು ಹುಕ್ ಸ್ಟೆಪ್ ಅನ್ನುತ್ತೇವೆ. ಹಾಡಿನ ಮುಖ್ಯ ಸಾಲಿಗೆ ಒಂದೇ ಒಂದು ಹೆಜ್ಜೆ, ಯಾರು ಬೇಕಾದರೂ ಮಾಡುವಂಥದ್ದು. ಇಲ್ಲಿ ಕೈಗಳು ಮಣಿಕಟ್ಟಿನಲ್ಲಿ ಒಂದರ ಮೇಲೊಂದು, ಲಗಾಮು ಹಿಡಿದ ಹಾಗೆ. ಆಮೇಲೆ ಒಂದು ಕೈ ಮೇಲೆತ್ತಿ ಹಗ್ಗ ಬೀಸಿದ ಹಾಗೆ. ಕಾಲು ಕುದುರೆ ನೆಗೆತ. ಜಾಗ ಬದಲಾಗುತ್ತಲೇ ಇರುತ್ತೆ, ಹೆಜ್ಜೆ ಬದಲಾಗುವುದಿಲ್ಲ. ಲಾಯದಲ್ಲಿ ಶುರುವಾದ ಹೆಜ್ಜೆ ಟೆನಿಸ್ ಅಂಗಳದಲ್ಲಿ ಮುಂದುವರಿಯುತ್ತೆ. ಕಟ್ ಎಷ್ಟು ಬಿದ್ದರೂ ಕಣ್ಣು ಸುಸ್ತಾಗದೆ ಇರುವುದು ಅದಕ್ಕೇ.

ಹಾಡಿನ ವೇಗ ನಿಮಿಷಕ್ಕೆ 132 ಬೀಟ್. ಅಂದರೆ ಒಂದು ಬೀಟಿಗೆ ಅರ್ಧ ಸೆಕೆಂಡಿಗಿಂತ ಸ್ವಲ್ಪ ಕಮ್ಮಿ, ನಾಲ್ಕು ಬೀಟಿಗೆ ಸುಮಾರು 1.8 ಸೆಕೆಂಡ್. ಇಷ್ಟು ವೇಗದಲ್ಲಿ ಒಂದು ಜೋಕನ್ನು ಕೂರಿಸುವುದು ಕಷ್ಟ. ಬಿಲ್ಡಪ್ಪಿಗೆ ಜಾಗ ಬೇಕಲ್ಲ. ಹಾಡು ಕಟ್ಟಿರುವ ರೀತಿ ಇಲ್ಲಿ ಸಹಾಯಕ್ಕೆ ಬರುತ್ತೆ. ಮುಖ್ಯ ಸಾಲು ಬರುವ ಮುಂಚೆ ಡ್ರಮ್ ಏರುತ್ತಾ ಹೋಗುತ್ತೆ, ತಟ್ಟನೆ ಎಲ್ಲ ನಿಲ್ಲುತ್ತೆ, ಆ ಸಾಲನ್ನು ಹೇಳುತ್ತಾನೆ, ಮತ್ತೆ ಬೀಟ್ ಬೀಳುತ್ತೆ. ಬಿಲ್ಡಪ್ ಕೊಟ್ಟು ಬೀಳಿಸುವ ಕೆಲಸವನ್ನು ಸಂಗೀತವೇ ಮಾಡುತ್ತಿದೆ. ಚಿತ್ರ ಅದರ ಬೆನ್ನು ಹತ್ತಿದೆ.

ನಮಗೆ ತಪ್ಪಿಹೋದ ಸಂಗತಿಗಳೂ ಇದ್ದವು. ಹಳದಿ ಸೂಟ್ ಹಾಕಿಕೊಂಡು ಪಾರ್ಕಿಂಗ್ ಜಾಗದಲ್ಲಿ ಸೈಗೆ ಎದುರಾಗಿ ಕುಣಿಯುವವನು ಯೂ ಜೇ-ಸುಕ್. ಲಿಫ್ಟಿನಲ್ಲಿ ಸೈ ಮೇಲೆ ನಿಂತು ಸೊಂಟ ಕುಲುಕಿಸುವವನು ನೋ ಹಾಂಗ್-ಚುಲ್. ಇಬ್ಬರೂ ಕೊರಿಯಾದ ಟಿವಿಯಲ್ಲಿ ಮನೆಮಾತು. ಅಲ್ಲಿಯವರಿಗೆ ಇದು ಸ್ಟಾರ್‌ಗಳು ಅತಿಥಿಯಾಗಿ ಬಂದು ಹೋಗುವ ಸಂಭ್ರಮ. ನಮಗೆ ಯಾರೋ ಹುಚ್ಚಪ್ಪ. ಆದರೂ ನಕ್ಕೆವು. ಮುಖ ಗೊತ್ತಿದ್ದರೆ ಮಾತ್ರ ನಡೆಯುವ ಜೋಕ್ ಮಾಡಿದ್ದರೆ ವಿಡಿಯೊ ಕೊರಿಯಾ ದಾಟುತ್ತಿರಲಿಲ್ಲ.

ಒಂದು ಕಡೆ ಮಾತ್ರ ನನಗೆ ತಕರಾರು ಇದೆ. ಹೊರಗೆ ಯೋಗ ಮಾಡುತ್ತಿರುವ ಹೆಂಗಸರ ಹಿಂಭಾಗ ತೋರಿಸಿ ಸೈ ಕೂಗಿಕೊಳ್ಳುವ ಶಾಟ್. ಅದು ರೂಢಿಯ ಗೇಲಿ ಅಂತ ಸಮರ್ಥನೆ ಮಾಡುವವರಿದ್ದಾರೆ. ಸೌಂಡ್ ಮ್ಯೂಟ್ ಮಾಡಿ ನೋಡಿ. ಬೇರೆ ಎಲ್ಲ ಕಡೆ ಕ್ಯಾಮೆರಾ ಹಿಂದೆ ಸರಿದು ಸುಳ್ಳನ್ನು ಬಯಲು ಮಾಡುತ್ತೆ. ಇಲ್ಲಿ ಹಿಂದೆ ಸರಿಯುವುದೇ ಇಲ್ಲ. ಬೇರೆ ಯಾವ ಐಟಂ ಹಾಡಿನಲ್ಲಾದರೂ ಇರಬಹುದಾದ ಶಾಟೇ ಅದು, ಮೇಲೊಂದು ಕೂಗು ಸೇರಿಸಿದ್ದಾರೆ. ಮೆಟ್ರೊ ರೈಲಿನಲ್ಲಿ ಕೊರಿಯಾದ ಗಾಯಕಿ ಹ್ಯುನ್‌ಆ ಬರುವ ಭಾಗ ಇದಕ್ಕಿಂತ ವಾಸಿ. ಪ್ಲಾಟ್‌ಫಾರ್ಮಿನಲ್ಲಿ ಇಬ್ಬರೂ ಸ್ಲೋ ಮೋಷನ್‌ನಲ್ಲಿ ಎದುರಾಗುವ ಲವ್ ಸ್ಟೋರಿ ಬಿಲ್ಡಪ್ ಇದೆ, ಅದು ಕುದುರೆ ಕುಣಿತದಲ್ಲಿ ಮುಗಿಯುತ್ತೆ. ಅಲ್ಲಿ ಅವಳೂ ಜೋಕಿನ ಪಾಲುದಾರಳು. 2012ರ ಆಗಸ್ಟ್‌ನಲ್ಲೇ ಅವಳನ್ನು ಮುಂದಿಟ್ಟುಕೊಂಡು ಇನ್ನೊಂದು ಆವೃತ್ತಿಯೂ ಬಂತು.

ಆಮೇಲಿನ ಕಥೆ ಎಲ್ಲರಿಗೂ ಗೊತ್ತು. ಯಾರು ಅಣಕು ವಿಡಿಯೊ ಮಾಡಿದರೂ ಸೈ ಕಡೆಯವರು ತೆಗೆಸಲು ಹೋಗಲಿಲ್ಲ. ಅಕ್ಟೋಬರ್ 7ರಂದು ಕೊಲಂಬೊದಲ್ಲಿ ವೆಸ್ಟ್ ಇಂಡೀಸ್ ಟಿ20 ವಿಶ್ವಕಪ್ ಗೆದ್ದಾಗ ಕ್ರಿಸ್ ಗೇಲ್ ಮೈದಾನದಲ್ಲೇ ಕುದುರೆ ಕುಣಿದ. ಆಗ ಗೇಲ್ ಅಂದರೆ ನಮ್ಮ ಆರ್‌ಸಿಬಿ ಗೇಲ್. ಬೆಂಗಳೂರಿನಿಂದ ಬೀದರ್‌ವರೆಗೆ ಮಕ್ಕಳಿಗೆ ಹೆಜ್ಜೆ ಕಲಿಸಿದ್ದು ಸೈಗಿಂತ ಅವನೇ ಜಾಸ್ತಿ ಇರಬೇಕು. ಡಿಸೆಂಬರ್ 21ಕ್ಕೆ ಯೂಟ್ಯೂಬಿನಲ್ಲಿ 100 ಕೋಟಿ ವೀಕ್ಷಣೆ ದಾಟಿದ ಮೊದಲ ವಿಡಿಯೊ ಆಯಿತು. ಪ್ರಳಯ ಆಗುತ್ತೆ ಅಂತ ಟಿವಿಯವರು ಹೆದರಿಸಿದ್ದರಲ್ಲ, ಅದೇ ದಿನ. 2014ರ ಡಿಸೆಂಬರ್‌ನಲ್ಲಿ ಇನ್ನೊಂದು ತಮಾಷೆ. ಯೂಟ್ಯೂಬಿನ ಹಳೆಯ ಕೌಂಟರ್ ಎಣಿಸಬಹುದಾಗಿದ್ದದ್ದು 214 ಕೋಟಿ 74 ಲಕ್ಷ 83 ಸಾವಿರದ 647ರವರೆಗೆ ಮಾತ್ರ. ಈ ವಿಡಿಯೊಗೋಸ್ಕರ ಕೌಂಟರನ್ನೇ ದೊಡ್ಡದು ಮಾಡಬೇಕಾಯಿತು. 2017ರ ಜುಲೈವರೆಗೂ ಅತಿ ಹೆಚ್ಚು ಜನ ನೋಡಿದ ವಿಡಿಯೊ ಇದೇ ಆಗಿತ್ತು.

ವಾಪಸ್ ನಮ್ಮ ಹುಡುಗನ ಹಾಡಿಗೆ. ರಾತ್ರಿ ಎರಡು ಗಂಟೆಗೆ ಅವನ ರಷಸ್, ಅಂದರೆ ಕಟ್ ಮಾಡದ ಶೂಟಿಂಗ್ ತುಣುಕುಗಳನ್ನು, ಮತ್ತೆ ತೆಗೆದೆವು. ಬಿಲ್ಡಪ್ಪಿಗೆ ಆಗುವ ಒಂದಾದರೂ ಶಾಟ್ ಸಿಗುತ್ತಾ ಅಂತ ಹುಡುಕಿದೆವು. ಎಮ್ಮೆ ಶಾಟುಗಳೆಲ್ಲ ವೇಸ್ಟು. ಟ್ರ್ಯಾಕ್ಟರ್ ಮೇಲೆ ನಾಲ್ವರೂ ಕಿರುಚುತ್ತಿದ್ದರು. ಕೊನೆಗೆ ಆಲೆಮನೆಯ ಫೋಲ್ಡರಿನಲ್ಲಿ ಒಂದು ಸಿಕ್ಕಿತು. ಟೇಕ್ ಶುರುವಾಗುವ ಮುಂಚೆ ಕ್ಯಾಮೆರಾ ಸುಮ್ನೆ ಓಡುತ್ತಿದೆ. ಹುಡುಗ ಅಣ್ಣನ ಮದುವೆಯ ಕೋಟು ಹಾಕಿಕೊಂಡು ನಿಂತಿದ್ದಾನೆ. ಕನ್ನಡಕ ಇದೆ. ಕ್ಯಾಮೆರಾ ಆನ್ ಆಗಿರುವುದು ಅವನಿಗೆ ಗೊತ್ತಿಲ್ಲ, ಹಾಗಾಗಿ ಮುಖ ಗಂಭೀರವಾಗಿದೆ. ಸುತ್ತಲೂ ದಟ್ಟ ಬಿಳಿ ಹೊಗೆ ಏಳುತ್ತಿದೆ. ಥೇಟ್ ಸ್ಟೇಜಿನ ಮೇಲೆ ಸ್ಮೋಕ್ ಮಷೀನ್ ಬಿಟ್ಟ ಹಾಗೆ. ನಿಜವಾಗಿ ಅದು ಹೊಗೆಯಲ್ಲ, ಕೊಪ್ಪರಿಗೆಯಲ್ಲಿ ಕುದಿಯುತ್ತಿದ್ದ ಕಬ್ಬಿನ ಹಾಲಿನ ಆವಿ.

ಅದನ್ನೇ ಮೊದಲ ಶಾಟ್ ಮಾಡಿದೆವು. ನಾನು ನಾಲ್ಕು ಬೀಟ್ ಇಟ್ಟಿದ್ದೆ. ಹುಡುಗ 'ಎಂಟು ಇಡಿ ಸಾರ್, ಜನ ನಂಬಬೇಕು' ಅಂದ. ಸ್ಲೋ ಮಾಡಿ ಎಂಟು ಬೀಟಿಗೆ ಎಳೆದೆ. ಆಮೇಲೆ ದೂರದ ಶಾಟಿಗೆ ಕಟ್. ಕೊಪ್ಪರಿಗೆ, ಒಲೆ, ಕಬ್ಬಿನ ಸಿಪ್ಪೆಯ ರಾಶಿ, ಪಂಚೆ ಮೇಲೆತ್ತಿ ಕಟ್ಟಿಕೊಂಡು ಉದ್ದನೆಯ ಕೋಲಿನಲ್ಲಿ ಪಾಕ ತಿರುವುತ್ತಿದ್ದ ಯಜಮಾನರು. ಅವರ ದನಿ ಶೂಟಿಂಗಿನ ಸೌಂಡಿನಲ್ಲಿ ಹಾಗೇ ಉಳಿದಿತ್ತು. ಹಾಡು ಒಂದು ಬೀಟ್ ನಿಲ್ಲಿಸಿ ಅದನ್ನೂ ಇಟ್ಟೆವು.

'ಏಯ್, ಅತ್ಲಾಗ್ ನಿಂತ್ಕೊಳಯ್ಯ ಮಾರಾಯ, ಪಾಕ ಸೀದೋಯ್ತದೆ!'

ಬೆಳಿಗ್ಗೆ ಜೆರಾಕ್ಸ್ ಅಂಗಡಿಯವರನ್ನು ಮತ್ತೆ ಕರೆದೆ. ಈ ಸಲ ಅವರು 'ಚೆನ್ನಾಗಿದೆ' ಅನ್ನಲಿಲ್ಲ. 'ಇನ್ನೊಂದ್ಸಲ ಹಾಕಿ' ಅಂದು, ಅಂಗಡಿಯಲ್ಲಿದ್ದ ಗಿರಾಕಿಗಳನ್ನೂ ಕೂಗಿ ಕರೆದರು.